ಹಸಿರು ಬೊಟ್ಟಿನ ಪೆಟ್ಟಿಗೆಗಳು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಖಾನಾಪುರದ ಆ ಚಹಾ ಹೋಟೆಲಿನ ಮುಂದಿನ ಬೆಂಚು ಕಲ್ಲಿನದೋ ಕಟ್ಟಿಗೆಯದೋ, ವರ್ಷ ಎಪ್ಪತ್ತೇಳೋ ಎಪ್ಪತ್ತೆಂಟೋ, ಸೋದರತ್ತೆ ಉಟ್ಟಿದ್ದ ಸೀರೆಯ ಅಂಚು ಯಾವ ಬಣ್ಣದ್ದೋ, ಒಂದೊಂದು ಸಲ ಒಂದೊಂದು ಥರ ನೆನಪಾಗುತ್ತದೆ. ಕಾಲೇಜಿಗೆ ಹೋದಾಗಿನಿಂದ ದಿನಚರಿ ಬರೆಯುವ ರೂಢಿ ನನಗಿದೆ. ಆದರೆ ಆ ದಿನದ ಪುಟದಲ್ಲಿ ಇರುವುದು ಒಂದೇ ಸಾಲು: ‘ಖಾನಾಪುರಕ್ಕೆ ಹೋಗಿ ಬಂದೆವು. ಮಳೆ.’ ಮಳೆ ಬಂದದ್ದನ್ನು ಬರೆದಿಟ್ಟವಳು ಉಳಿದದ್ದನ್ನು ಯಾಕೆ ಬಿಟ್ಟೆ? ಬರೆಯಲು ನಾಚಿಕೆಯಾಗಿರಬೇಕು ಎಂದು ಬಹಳ ದಿನ ಅಂದುಕೊಂಡಿದ್ದೆ. ಈಗೀಗ ಬೇರೆ ಅನುಮಾನ ಬರುತ್ತದೆ. ಆವತ್ತು ನನಗೆ ನಾಚಿಕೆ ಆಗಿರಲೇ ಇಲ್ಲವೇನೋ. ಆಮೇಲೆ, ಆ ಕಥೆಯನ್ನು ಬೇರೆಯವರು ಹೊಗಳಿ ಹೊಗಳಿ ಹೇಳುವುದನ್ನು ಕೇಳುತ್ತ ಕೇಳುತ್ತ ಅದು ಬೆಳೆದಿರಬಹುದು.

ಬೆಳಗಾವಿಯ ಶಹಾಪುರದ ನಮ್ಮ ಮನೆ ಮೊದಲು ಮಗ್ಗದ ಮನೆ. ಅಪ್ಪ ಮಾತ್ರ ಮಗ್ಗಕ್ಕೆ ಕೂರದೆ, ಊರಿನ ಕ್ಯಾಂಪ್ ಭಾಗದಲ್ಲಿದ್ದ ಒಬ್ಬ ರೇಡಿಯೋ ರಿಪೇರಿಯವರ ಹಿಂದೆ ಬಿದ್ದು ಕೆಲಸ ಕಲಿತ. ನಾನು ಹುಟ್ಟುವ ಹೊತ್ತಿಗೆ ಮನೆಯ ಮುಂಭಾಗದ ಕೋಣೆ ಅಂಗಡಿಯಾಗಿತ್ತು. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಬಂದ ಮೇಲೆ ನನಗೆ ಎಲ್ಲಿಯೂ ನೌಕರಿ ಸಿಗಲಿಲ್ಲ. ಒಂದು ದಿನ ಅಪ್ಪ, ‘ಫಿಜಿಕ್ಸ್ ಕಲ್ತು ಮನ್ಯಾಗ ಕುಂತ್ರ ಅದಕ್ಕ ಜಂಗು ಹಿಡೀತೈತಿ, ಬಾ’ ಎಂದು ಕೈಗೆ ಸೋಲ್ಡರಿಂಗ್ ಐರನ್ ಕೊಟ್ಟ. ಅಂಗಡಿಗೆ ಬಂದವರು ನನ್ನನ್ನು ನೋಡಿ, ‘ಯಾರೂ ಇಲ್ಲೇನ್ರಿ?’ ಎಂದು ಕೇಳುತ್ತಿದ್ದರು. ‘ನಾ ಇದ್ದೀನಲ್ರಿ’ ಎಂದರೆ, ‘ಹಂಗಲ್ರಿ, ರಿಪೇರಿಯವ್ರು’ ಎನ್ನುತ್ತಿದ್ದರು.

ಅಪ್ಪನಿಗೆ ಕೆಲವು ನೇಮಗಳಿದ್ದವು. ಕೆಟ್ಟು ಬಿಚ್ಚಿದ ಭಾಗಗಳನ್ನು ಕಾಗದದಲ್ಲಿ ಕಟ್ಟಿ ಗಿರಾಕಿಯ ಕೈಗೇ ಕೊಡುತ್ತಿದ್ದ. ಅವರು ಬೇಡವೆಂದರೂ ಕೊಡುತ್ತಿದ್ದ. ಸೆಟ್ಟನ್ನು ಮೊದಲು ಯಾರು ಬಿಚ್ಚಿ ಹಾಳು ಮಾಡಿದ್ದರೂ ಅವರ ಬಗ್ಗೆ ಒಂದು ಮಾತು ಆಡುತ್ತಿರಲಿಲ್ಲ. ಇದಕ್ಕೆಲ್ಲ ಅವನು ಬಳಸುತ್ತಿದ್ದದ್ದು ನಮ್ಮಲ್ಲಿ ಎಲ್ಲರೂ ಬಳಸುವ ಒಂದೇ ಶಬ್ದ, ಕಾಯಕ. ಚಿಕ್ಕಂದಿನಲ್ಲಿ ನಾನು ಕಾಯಕವೆಂದರೆ ಗಿರಾಕಿಗೆ ಹಳೆಯ ಕಂಡೆನ್ಸರ್ ವಾಪಸು ಕೊಡುವುದು ಎಂದೇ ತಿಳಿದಿದ್ದೆ.

ಊರಿನ ರೇಡಿಯೋ ರಿಪೇರಿಯವರಲ್ಲಿ ಆಗ ಒಂದು ಪದ್ಧತಿಯಿತ್ತು. ಕೆಲಸ ಮುಗಿಸಿ ಮುಚ್ಚುವಾಗ ಸ್ಕ್ರೂವಿನ ತಲೆಯ ಮೇಲೆ ಒಂದು ಬೊಟ್ಟು ಬಣ್ಣ ಇಡುವುದು. ಒಬ್ಬೊಬ್ಬರದು ಒಂದೊಂದು ಬಣ್ಣ. ಕೆಂಪು ನೇಲ್ ಪಾಲಿಶ್ ಇಡುವವರೊಬ್ಬರು, ಹಳದಿ ಇಡುವವರೊಬ್ಬರು. ನಮ್ಮದು ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಹಚ್ಚುವ ಹಸಿರು. ಸೆಟ್ಟನ್ನು ಬೇರೆಯವರು ಬಿಚ್ಚಿದರೆ ಬಣ್ಣ ಒಡೆದು ಗೊತ್ತಾಗುತ್ತಿತ್ತು. ಒಡೆಯದೆ ಇದ್ದರೆ ಒಳಗಿನ ಕೆಲಸಕ್ಕೆ ಆ ಬಣ್ಣದವರೇ ಜವಾಬ್ದಾರರು.

ಅವರೆಲ್ಲ ರವಿವಾರ ಮುಂಜಾನೆ ಖಾಸಬಾಗದ ಒಂದು ಚಹಾದಂಗಡಿಯಲ್ಲಿ ಸೇರುತ್ತಿದ್ದರು. ಒಬ್ಬನಿಗೆ ಪುಣೆಯಿಂದ ಹೊಸ ಟ್ರಾನ್ಸಿಸ್ಟರ್ ಬಂದಿದ್ದರೆ ಅದು ಕೈಯಿಂದ ಕೈಗೆ ದಾಟುತ್ತಿತ್ತು. ಒಬ್ಬರ ಬಳಿ ಇದ್ದ ಸರ್ಕ್ಯೂಟ್ ನಕ್ಷೆಯನ್ನು ಇನ್ನೊಬ್ಬರು ಸಿಗರೇಟ್ ಪ್ಯಾಕೆಟ್ಟಿನ ಹಿಂದೆ ನಕಲು ಮಾಡಿಕೊಳ್ಳುತ್ತಿದ್ದರು. ಮತ್ತೊಬ್ಬರ ಬಣ್ಣವಿದ್ದ ಸೆಟ್ಟು ಯಾರ ಅಂಗಡಿಗಾದರೂ ಕೆಟ್ಟು ಬಂದರೆ ಅದನ್ನು ತಾವು ಮುಟ್ಟದೆ, ಟವೆಲಿನಲ್ಲಿ ಸುತ್ತಿ ತಂದು ಆ ಬಣ್ಣದವರ ಮುಂದೆ ಇಡುತ್ತಿದ್ದರು. ಅವರು ಎಲ್ಲರೆದುರು ಬಿಚ್ಚಿ ಏನು ತಪ್ಪಾಯಿತೆಂದು ಹೇಳಬೇಕು, ಆ ದಿನದ ಚಹಾ ಅವರದು. ಅಪ್ಪ ನನ್ನನ್ನು ಅಲ್ಲಿಗೆ ಮೊದಲ ಸಲ ಕರೆದೊಯ್ದಾಗ ಬೀಡಿಗಳೆಲ್ಲ ಆರಿದವು. ಕೆಂಪು ಬಣ್ಣದವರು, ‘ಮಗಳನ್ನ ಕರಕೊಂಡ ಬಂದೀರಿ ಅಣ್ಣಾರ, ಇನ್ನ ಮ್ಯಾಲೆ ನಾವು ಬೈಯಾಕ ಮರಾಠಿನ ಹಿಡೀಬೇಕು’ ಎಂದರು. ನನಗೆ ಮರಾಠಿಯೂ ಬರುತ್ತದೆ ಎಂದು ಅಪ್ಪ ಹೇಳಿದ.

ಎಲಿಮಿನೇಟರ್ ಮಾಡಲು ಶುರುವಾದದ್ದು ಆ ದಿನಗಳಲ್ಲೇ. ಖಾನಾಪುರದ ಸುತ್ತಲಿನ ಹಳ್ಳಿಗಳಿಗೆ ಆಗತಾನೇ ಕರೆಂಟು ಬರುತ್ತಿತ್ತು. ಮನೆಮನೆಯಲ್ಲಿ ಸೆಲ್ ಹಾಕುವ ಟ್ರಾನ್ಸಿಸ್ಟರ್ ರೇಡಿಯೋ ಇತ್ತು, ಸೆಲ್ ತುಟ್ಟಿ. ಗೋಡೆಯ ಕರೆಂಟನ್ನು ತಗ್ಗಿಸಿ ರೇಡಿಯೋಕ್ಕೆ ಕೊಡುವ, ಇಟ್ಟಂಗಿಯಷ್ಟು ದೊಡ್ಡ ತಗಡಿನ ಪೆಟ್ಟಿಗೆಯೇ ಎಲಿಮಿನೇಟರ್. ಅದರ ಒಳಗೆ ಎರಡು ತಾಮ್ರದ ಸುತ್ತು. ಒಂದು ಗೋಡೆಯ ಕರೆಂಟಿನದು, ಮನುಷ್ಯರನ್ನು ಕೊಲ್ಲುವಂಥದು. ಇನ್ನೊಂದು ರೇಡಿಯೋದ್ದು, ಮಕ್ಕಳು ಮುಟ್ಟಿದರೂ ಏನೂ ಆಗದಂಥದು. ಈ ಎರಡರ ನಡುವೆ ಇರುವುದು ನಾಲ್ಕಾರು ಪದರ ಕಾಗದ ಮಾತ್ರ.

ಆ ಸುತ್ತುಗಳನ್ನು ಸುತ್ತುತ್ತಿದ್ದವಳು ಅತ್ತೆ, ಅಪ್ಪನ ತಂಗಿ. ಅವಳನ್ನು ಖಾನಾಪುರಕ್ಕೆ ಕೊಟ್ಟಿದ್ದರು. ಗಂಡ ಬೇಗ ತೀರಿಹೋದ. ಆಮೇಲೆ ಆ ಮನೆಯಲ್ಲಿ ಏನಾಯಿತೋ ನನಗೆ ಯಾರೂ ಹೇಳಲಿಲ್ಲ. ಅವಳು ಒಂದು ಟ್ರಂಕು ತೆಗೆದುಕೊಂಡು ಶಹಾಪುರಕ್ಕೆ ವಾಪಸು ಬಂದಳು, ಮತ್ತೆ ಆ ಊರಿಗೆ ಕಾಲಿಟ್ಟಿರಲಿಲ್ಲ. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ರಾಟಿ ನಮ್ಮ ಅಟ್ಟದ ಮೇಲಿತ್ತು. ಅಪ್ಪ ಅದರ ತುದಿಗೆ ಒಂದು ಕಬ್ಬಿಣದ ಸರಳು ಕೂರಿಸಿ ಎಣಿಕೆಯ ಮುಳ್ಳು ಹಚ್ಚಿಕೊಟ್ಟ. ಅತ್ತೆ ಒಳಮನೆಯಲ್ಲಿ ಅದರ ಮುಂದೆ ಕೂತು, ನೂಲು ಸುತ್ತಿದ ಹಾಗೆಯೇ ತಾಮ್ರದ ತಂತಿ ಸುತ್ತುತ್ತಿದ್ದಳು. ಸುತ್ತಿನ ಪಕ್ಕ ಸುತ್ತು ಕೂದಲೆಳೆ ಬಿಡದೆ ಕೂರುತ್ತಿತ್ತು.

ರವಿವಾರದ ಚಹಾದಂಗಡಿಯಲ್ಲಿ ಅದನ್ನು ತಿರುಗಿಸಿ ನೋಡಿದವರು ಕೇಳುತ್ತಿದ್ದರು, ‘ಮಶೀನಿಂದ ಸುತ್ತಿದ್ದು ಅಲ್ರಿ ಇದು? ಯಾರ ಕಡೆ ಮಾಡಸತೀರಿ?’

‘ನಮ್ಮ ಮನ್ಯಾಗ ಸುತ್ತತೀವ್ರಿ.’

ಅಪ್ಪನ ಉತ್ತರ ಯಾವಾಗಲೂ ಅಷ್ಟೇ. ‘ಸುತ್ತತೀವಿ’ ಎಂದರೆ ಅಪ್ಪ ಎಂದು ಅವರು ತಿಳಿಯುತ್ತಿದ್ದರು. ಇದರಲ್ಲಿ ಏನೋ ಬಿಟ್ಟುಹೋಗಿದೆ ಎಂದು ನನಗೆ ಆಗ ಅನಿಸಲಿಲ್ಲ. ಒಳಮನೆಯಲ್ಲಿ ಕೂತವರ ಹೆಸರು ಹೊರಗೆ ಹೇಳುವುದು ನಮ್ಮ ಕಡೆ ಮರ್ಯಾದೆಯೂ ಆಗಿರಲಿಲ್ಲ.

ಮಳೆಗಾಲದ ಒಂದು ರವಿವಾರ ಖಾನಾಪುರದ ರಿಪೇರಿಯವನು ಬಂದ. ವಯಸ್ಸಿನಲ್ಲಿ ಅಪ್ಪನಿಗಿಂತ ಬಹಳ ಸಣ್ಣವನು, ಅಪ್ಪನ ಬಗ್ಗೆ ಭಕ್ತಿಯಿದ್ದವನು. ಅವನ ಕೈಯಲ್ಲಿ ಟವೆಲಿನ ಗಂಟು. ಯಾರೋ ಕೂಗಿದರು, ‘ಬಂತ ನೋಡ್ರಿ ಗಂಟು. ಇವತ್ತ ಚಹಾ ಯಾರದಪಾ?’

ಅವನು ಬಂದು ಗಂಟನ್ನು ಅಪ್ಪನ ಮುಂದೆ ಇಟ್ಟ. ಒಳಗೆ ನಮ್ಮ ಮೂರು ಎಲಿಮಿನೇಟರ್, ಮೂರಕ್ಕೂ ಹಸಿರು ಬೊಟ್ಟು ಹಾಗೆಯೇ ಇತ್ತು.

‘ತಪ್ಪ ತಿಳ್ಕೋಬ್ಯಾಡ್ರಿ ಅಣ್ಣಾರ. ಬಣ್ಣ ನಿಮ್ಮದ ಐತಿ.’

‘ನನ್ನ ಬಣ್ಣ ಅಂದ್ರ ನನ್ನ ಕೆಲಸ,’ ಎಂದು ಅಪ್ಪ ಚಹಾ ಹೇಳಿದ.

‘ಇಷ್ಟ ವರ್ಷಕ್ಕ ಒಮ್ಮೆ ಅಣ್ಣಾರ ಚಹಾ ಕುಡ್ಯಾಕತ್ತೇವಿ,’ ಎಂದರು ಕೆಂಪು ಬಣ್ಣದವರು. ‘ಸಕ್ಕರಿ ಚಲೋ ಹಾಕಸ್ರಿ. ಮತ್ತ ಯಾವಾಗ ಸಿಗತೈತೋ.’

ಎಲ್ಲರೂ ನಕ್ಕರು. ಖಾನಾಪುರದವನು ನಗಲಿಲ್ಲ. ‘ಬರೇ ಸುಟ್ಟಿದ್ರ ನಾ ಇಷ್ಟ ಲಗೂನ ಬರತಿದ್ದಿಲ್ರಿ. ಶಾಕ್ ಹೊಡ್ಯಾಕತ್ತಾವು. ಬಸ್‌ಸ್ಟ್ಯಾಂಡ್ ಬಾಜು ಹೋಟೆಲದವ್ರು ರೇಡಿಯೋ ಕಿವಿ ತಿರವಾಕ ಹೋಗ್ಯಾರ, ಭುಜದತನಾ ಹಿಡಕೊಂಡೈತಿ. ಕೈ ಇನ್ನೂ ಜೋಮ್ ಐತಂತ.’

ಚಹಾ ಬಂತು. ಅಪ್ಪ ಅಲ್ಲಿ ಬಿಚ್ಚಲಿಲ್ಲ. ಮನೆಗೆ ಒಯ್ದು ನೋಡಿ ಹೇಳುತ್ತೇನೆ ಎಂದ. ಅದು ಪದ್ಧತಿಗೆ ವಿರುದ್ಧ. ಎಲ್ಲರೂ ಚಹಾ ಕುಡಿದು ಎದ್ದರು.

ಮನೆಯಲ್ಲಿ ಬಿಚ್ಚಿದವಳು ನಾನು. ಹೊರಗಿನ ಸುತ್ತು ತೆಗೆದು ಕಾಗದಕ್ಕೆ ಬಂದಾಗ ಬೂಷ್ಟು ಕಂಡಿತು, ಬೂದಿ ಬಣ್ಣದ್ದು. ಬೆರಳಿಗೆ ಅಂಟಂಟು. ಮೂಗಿಗೆ ಹಿಡಿದೆ. ಹುಳಿ ವಾಸನೆ. ಅದು ಹುಟ್ಟಿದಾಗಿನಿಂದ ನನಗೆ ಗೊತ್ತಿದ್ದ ವಾಸನೆ. ನಮ್ಮ ಓಣಿಯಲ್ಲಿ ಮಗ್ಗದ ಹಾಸಿನ ನೂಲಿಗೆ ಗಂಜಿ ಹಚ್ಚುವ ದಿನ ಮನೆಮನೆಯಿಂದ ಬರುವುದು ಅದೇ.

ಅಪ್ಪನನ್ನು ಕರೆದು ತೋರಿಸಿದೆ. ಅವನು ಒಳಮನೆಯ ಬಾಗಿಲಿಗೆ ಹೋಗಿ ನಿಂತ.

‘ತಂಗೀ, ಕಾಗದ ಕುಂದರಸಾಕ ಏನರ ಹಚ್ಚತೀ?’

‘ಗಂಜಿ ಹಚ್ಚತೀನಿ,’ ಎಂದಳು ಅತ್ತೆ, ರಾಟಿ ನಿಲ್ಲಿಸದೆ. ‘ಇಲ್ಲಾಂದ್ರ ಜಾರತೈತಿ ಅಣ್ಣಾ. ಸುತ್ತು ಬಿಗಿ ಬರಂಗಿಲ್ಲ.’

‘ಯಾವಾಗಿಂದ?’

‘ಮೊದಲಿಂದ.’

ಅವಳು ಹಾಗೆ ಮಾಡುತ್ತಾಳೆಂದು ಅಪ್ಪನಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಂಡೂ ಇರಲಿಲ್ಲ. ಸುತ್ತಿ ಮುಗಿದದ್ದು ಅವನ ಕೈಗೆ ಬರುತ್ತಿತ್ತು, ಅವನು ಅದನ್ನು ಕಾಯಿಸಿದ ಮೇಣದಲ್ಲಿ ಅದ್ದುತ್ತಿದ್ದ. ಮೇಣ ಒಳಗೆ ಇಳಿದು ಕಾಗದವನ್ನು ನೀರಿನಿಂದ ಕಾಯಬೇಕು. ಗಂಜಿ ಅದನ್ನು ಇಳಿಯಗೊಡಲಿಲ್ಲ. ಬೆಳಗಾವಿಯ ಗಾಳಿಗೆ ಅದು ನಡೆದುಹೋಗುತ್ತಿತ್ತು. ಖಾನಾಪುರದಲ್ಲಿ ಮಳೆ ಹಿಡಿದರೆ ಗೋಡೆಗೆ ತೂಗುಹಾಕಿದ ಅಂಗಿ ತಾನಾಗಿ ಹಸಿಯಾಗುತ್ತದೆ. ಅಲ್ಲಿ ಗಂಜಿ ನೀರು ಕುಡಿಯಿತು. ಎರಡು ಸುತ್ತುಗಳ ನಡುವಿನ ಗೋಡೆ ಒದ್ದೆಯಾಯಿತು. ಇದನ್ನೆಲ್ಲ ಬಿಡಿಸಿ ಹೇಳಿದವಳೂ ನಾನೇ. ಕಾಲೇಜಿನಲ್ಲಿ ಕಲಿತದ್ದು ಮೊದಲ ಸಲ ಉಪಯೋಗಕ್ಕೆ ಬಂತೆಂಬ ಹುಮ್ಮಸ್ಸು ನನ್ನ ದನಿಯಲ್ಲಿ ಇತ್ತೆಂದು ಕಾಣುತ್ತದೆ. ಇದ್ದಿರಲೂಬಹುದು, ಇಲ್ಲದಿರಲೂಬಹುದು.

ಅತ್ತೆ ರಾಟಿ ನಿಲ್ಲಿಸಿದಳು. ಬೂಷ್ಟು ಹಿಡಿದ ಸುತ್ತನ್ನು ಕೈಯಲ್ಲಿ ತೆಗೆದುಕೊಂಡು ಹೊರಳಿಸಿ ನೋಡಿದಳು.

‘ಹಂಗಾರ ಇದು ನನ್ನ ಕೈದು,’ ಎಂದಳು.

ಮಾರನೆಯ ದಿನವೇ ಖಾನಾಪುರಕ್ಕೆ ಹೋಗಿ ಎಲ್ಲ ಪೆಟ್ಟಿಗೆ ವಾಪಸು ತರುವುದೆಂದು ಅಪ್ಪ ತೀರ್ಮಾನಿಸಿದ. ಅಲ್ಲಿಯ ರಿಪೇರಿಯವನಿಗೆ ಹೇಳಿ ಕಳಿಸಿ ಎಲ್ಲರೂ ತಂದಿಡುವಂತೆ ಮಾಡಿದ. ನಾನು ಹೋಗುವುದು ಸರಿ, ಅತ್ತೆಯೂ ಹೊರಟಳು. ತಾನೂ ಬರುತ್ತೇನೆ ಎಂದು ಅವಳಾಗಿ ಅಂದಳೋ, ಅಪ್ಪನೇ ಬಾ ಎಂದನೋ? ಈ ಇಡೀ ಸಂಗತಿಯಲ್ಲಿ ನನಗೆ ನಿಜಕ್ಕೂ ಬೇಕಾಗಿರುವ ನೆನಪು ಇದೊಂದೇ. ಎಷ್ಟು ತಡಕಾಡಿದರೂ ಸಿಗುವುದಿಲ್ಲ. ಅವಳು ಬಾಗಿಲಲ್ಲಿ ಕೊಡೆ ಹಿಡಿದು ನಿಂತದ್ದು ಕಾಣುತ್ತದೆ, ಅದರ ಹಿಂದಿನದು ಏನೂ ಕಾಣುವುದಿಲ್ಲ.

ಬಸ್ಸಿನಲ್ಲಿ ಅವರಿಬ್ಬರೂ ಮುಂದಿನ ಸೀಟಿನಲ್ಲಿ, ನಾನು ಹಿಂದೆ, ತೊಡೆಯ ಮೇಲೆ ಖಾಲಿ ಗೋಣಿಚೀಲ. ಮಳೆಗೆ ಕಿಟಕಿಯ ಪರದೆಗಳನ್ನೆಲ್ಲ ಇಳಿಸಿದ್ದರು. ಒಳಗೆ ಕತ್ತಲೆ, ಒದ್ದೆ ಕಂಬಳಿಯ ವಾಸನೆ, ಎಂಜಿನ್ನಿನ ಸದ್ದು. ನಡುದಾರಿಯಲ್ಲಿ ಅತ್ತೆ ಅಪ್ಪನ ಕಿವಿಯ ಹತ್ತಿರ ಬಾಗಿ ಏನೋ ಹೇಳಿದಳು. ಅಪ್ಪ ತಲೆ ಅಲ್ಲಾಡಿಸಿದ. ಅವಳು ಮತ್ತೆ ಹೇಳಿದಳು. ಅಪ್ಪ ಈ ಸಲ ಅಲ್ಲಾಡಿಸಲಿಲ್ಲ, ಮುಂದಕ್ಕೆ ನೋಡುತ್ತ ಕೂತ. ಅವಳು ಏನು ಹೇಳಿದ್ದಾಳು? ತನ್ನನ್ನು ಹೋಟೆಲಿನ ತನಕ ಕರೆದೊಯ್ಯಬೇಡ ಎಂದೂ ಬೇಡಿಕೊಂಡಿರಬಹುದು. ಕಿಟಕಿಯ ಪರದೆ ಸ್ವಲ್ಪ ಎತ್ತು ಎಂದೂ ಅಂದಿರಬಹುದು.

ಹೋಟೆಲು ಬಸ್‌ಸ್ಟ್ಯಾಂಡಿನ ಪಕ್ಕದಲ್ಲೇ. ಯಜಮಾನರು ಮರಾಠಿ ಮನೆಮಾತಿನವರು, ವಯಸ್ಸಾದವರು. ‘ಯಾ, ಬಸಾ, ಕುಂದರ್ರಿ’ ಎಂದು ಎರಡೂ ಭಾಷೆಯಲ್ಲಿ ಕರೆದು ಬಲಗೈ ಮುಂದೆ ಮಾಡಿದರು. ‘ನೋಡ್ರಿ, ಬೆರಳ ಮಡಚಾಕ ಬರತಾವು ಈಗ. ಮೊನ್ನಿ ಕಪ್ಪ ಹಿಡ್ಯಾಕ ಬರತಿದ್ದಿಲ್ಲ. ನಮ್ಮಾಕಿ ಅಂದ್ಲು, ರೇಡಿಯೋದಾಗ ಸುದ್ದಿ ಕೇಳಿ ಯಾರಿಗಾದ್ರೂ ಕೈ ಹೋಗತೈತೇನು ಅಂತ.’ ಅಪ್ಪ ಅವರ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದುಕೊಂಡ. ಬಹಳ ಹೊತ್ತು ಬಿಡಲಿಲ್ಲ.

ಪೆಟ್ಟಿಗೆ ಹಿಡಿದ ಜನ ಸೇರಿದ್ದರು. ಸಾಲಿ ಮಾಸ್ತರೊಬ್ಬರು, ಹಾಲಿನವರು, ಹಳ್ಳಿಯಿಂದ ಕಂಬಳಿಕೊಪ್ಪೆ ಹಾಕಿಕೊಂಡು ಬಂದವರು. ಎದುರಿಗೆ ಒಂದು ಕಿರಾಣಿ ಅಂಗಡಿ ಇತ್ತು. ಅದು ಅತ್ತೆಯ ಮೈದುನನದು. ಅವನೂ ಅಂಗಡಿ ಬಿಟ್ಟು ಬಂದು ಹೋಟೆಲಿನ ಮೆಟ್ಟಿಲ ಮೇಲೆ ನಿಂತ. ಅತ್ತೆ ಒಳಗೆ ಬಂದಿರಲಿಲ್ಲ. ಹೊರಗೆ ಸೂರಿನ ಕೆಳಗೆ, ಕಂಬದ ಬದಿಗೆ ಇದ್ದಳು.

ಅಪ್ಪ ಎದ್ದು ನಿಂತು ಹೇಳಿದ. ‘ಪೆಟಿಗಿ ಮ್ಯಾಲಿನ ಬಣ್ಣ ನಂದು. ಇದರಾಗ ತಪ್ಪ ಆಗೇತಿ. ಎಲ್ಲಾ ವಾಪಸ್ ಒಯ್ಯತೀನಿ. ಹೊಸಾವ ಮಾಡಿ ನಾನ ತಂದ ಕೊಡತೀನಿ. ಅಲ್ಲೀತನಾ ಸೆಲ್ ಹಾಕ್ಕೋರಿ, ಅದರ ಖರ್ಚು ನಂದ.’

ಜನಕ್ಕೆ ಅಷ್ಟು ಸಾಕಾಗಿತ್ತು. ಹೋಟೆಲಿನವರು, ‘ಅಸೂ ದ್ಯಾ, ಹೋಗ್ಲಿ ಬಿಡ್ರಿ, ಚಹಾ ತಗೋರಿ’ ಎಂದಿದ್ದರು. ಅಲ್ಲಿಗೆ ಮುಗಿಯಬೇಕಿತ್ತು. ಸಾಲಿ ಮಾಸ್ತರಿಗೆ ಮಾತ್ರ ತಿಳಿದುಕೊಳ್ಳುವ ಆಸೆ. ‘ಅಲ್ರಿ, ತಪ್ಪ ಅಂದ್ರ ಖರೇ ಏನಾಗಿತ್ತು?’ ಎಂದು ಕೇಳಿದರು.

ಅಪ್ಪ ಸ್ವಲ್ಪ ಸುಮ್ಮನಿದ್ದ. ಆಮೇಲೆ, ‘ಒಳಗಿನ ಸುತ್ತು ಸುತ್ತಿದಾಕಿ ನನ್ನ ತಂಗಿ,’ ಎಂದ. ‘ಕಾಗದಕ್ಕ ಗಂಜಿ ಹಚ್ಚಿದ್ಲು. ಅದು ಥಂಡಿ ಹಿಡೀತು. ತಪ್ಪ ಆಕೀದು. ಅಲ್ಲಿ ನಿಂತಾಳ ನೋಡ್ರಿ.’

ಎಲ್ಲರೂ ಹೊರಗೆ ತಿರುಗಿದರು.

ಮೆಟ್ಟಿಲ ಮೇಲಿದ್ದ ಮೈದುನ ನಕ್ಕ. ‘ನಮ್ಮ ವೈನಿಯವ್ರಾ? ನಮ್ಮ ಮನ್ಯಾಗ ಇದ್ದಾಗ ಅನ್ನದ ಗಂಜಿ ಬಸ್ಯಾಕ ಬರತಿದ್ದಿಲ್ಲ. ಈಗ ಕರೆಂಟಿಗೇ ಗಂಜಿ ಕುಡಿಸ್ಯಾರ ಅಂದ್ರ ಭಾಳ ಸುಧಾರಿಸ್ಯಾರ ಬಿಡ್ರಿ.’

ಕೆಲವರು ನಕ್ಕರು. ನನ್ನ ಕಿವಿಗಳು ಬಿಸಿಯಾದದ್ದು ನೆನಪಿದೆ. ಇದನ್ನು ಮಾತ್ರ ನಾನು ಕಟ್ಟಿಕೊಂಡಿಲ್ಲ ಎಂದು ಅಂದುಕೊಳ್ಳುತ್ತೇನೆ.

ಅತ್ತೆ ಸೂರಿನ ಕೆಳಗಿಂದ ಬಂದಳು. ನನ್ನ ಕೈಯಿಂದ ಗೋಣಿಚೀಲ ತೆಗೆದುಕೊಂಡು, ಎಲ್ಲರ ನಡುವೆ ನಿಂತು ಅದರ ಬಾಯಿ ಅಗಲಿಸಿ ಹಿಡಿದಳು. ‘ಹಾಕ್ರಿ,’ ಎಂದಳು. ಒಬ್ಬೊಬ್ಬರೇ ಬಂದು ಪೆಟ್ಟಿಗೆ ಹಾಕಿದರು. ಒಂದೊಂದು ಬಿದ್ದಾಗಲೂ ತಗಡು ತಗಡಿಗೆ ಬಡಿಯುತ್ತಿತ್ತು. ಚೀಲ ಭಾರವಾಗಿ ಅವಳ ಕೈ ಕೆಳಗಿಳಿಯುತ್ತ ಬಂತು. ಅವಳು ಬಿಡಲಿಲ್ಲ, ಯಾರೂ ಹಿಡಿಯಲೂ ಹೋಗಲಿಲ್ಲ. ಅವಳ ಮುಖದ ಕಡೆ ನೋಡಲಿಲ್ಲ. ನಾನು ಕೈಗಳನ್ನೇ ನೋಡುತ್ತಿದ್ದೆ.

ಮುಂದಿನ ರವಿವಾರ ನಾವು ಖಾಸಬಾಗಕ್ಕೆ ಹೋಗುವ ಮೊದಲೇ ಸುದ್ದಿ ಹೋಗಿತ್ತು. ಕೆಂಪು ಬಣ್ಣದವರು ಎದ್ದು ಅಪ್ಪನಿಗೆ ಜಾಗ ಕೊಟ್ಟರು. ‘ಒಡಹುಟ್ಟಿದಾಕಿ ಅಂತ ಮುಚ್ಚಿಡಲಿಲ್ಲ ನೋಡ್ರಿ. ಹಿಂತಾ ಮಂದಿ ಎಲ್ಲಿ ಸಿಗತಾರ?’ ಎಂದರು. ಹಿಂದಿನ ವಾರ ಅಲ್ಲಿ ಬಿಚ್ಚದ್ದಕ್ಕೆ ಆ ದಿನದ ಚಹಾವೂ ಅಪ್ಪನದಾಗಬೇಕಿತ್ತು, ಅವರು ಕೊಡಗೊಡಲಿಲ್ಲ.

ಅಂಗಡಿಗೆ ಜನ ಹೆಚ್ಚಾದರು. ಖಾನಾಪುರದಿಂದಲೇ ಹೆಚ್ಚು. ತಂಗಿಯ ತಪ್ಪನ್ನೂ ಹೇಳುವವನು ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯ ಮೇಲೆ ಬಂದರು. ಹೊಸಬರು ಕೆಲಸ ಕಲಿಯಲು ಬಂದರೆ ಹಿರಿಯರು ಈ ಕಥೆ ಹೇಳುತ್ತಿದ್ದರು. ಕೌಂಟರಿನ ಹಿಂದೆ ಕೂತು ನಾನು ಎಷ್ಟೋ ಸಲ ಕೇಳಿದೆ. ಹೇಳಿದಂತೆ ಹೇಳಿದಂತೆ ಕಥೆ ಬದಲಾಯಿತು. ಒಂದರಲ್ಲಿ ಅತ್ತೆ ಎಲ್ಲರೆದುರು ಅತ್ತಳು. ಇನ್ನೊಂದರಲ್ಲಿ ಅಪ್ಪ ಅವಳ ಕೈಯಿಂದ ರಾಟಿ ಕಸಿದುಕೊಂಡು ಮುರಿದ. ಹೆಸರಿಲ್ಲದ, ಸಾಲಿ ಕಲಿಯದ ಒಬ್ಬ ತಂಗಿ, ಅವಳ ಮುಂದೆ ದೊಡ್ಡ ಮನುಷ್ಯನಾದ ಒಬ್ಬ ಅಣ್ಣ. ‘ಅತ್ತಿದ್ದಿಲ್ರಿ’ ಎಂದಷ್ಟೇ ನಾನು ತಿದ್ದುತ್ತಿದ್ದೆ. ಅತ್ತೆಗೆ ಅದೆಲ್ಲ ಕೇಳಿಸುತ್ತಿತ್ತು. ಯಾಕೆಂದರೆ ಆ ಹೊತ್ತಿಗೆ ಅವಳ ರಾಟಿ ಒಳಮನೆಯಿಂದ ಅಂಗಡಿಗೆ, ಬೀದಿಗೆ ಕಾಣುವ ಬಾಗಿಲ ಬದಿಗೆ ಬಂದಿತ್ತು. ಅಪ್ಪ ಕಣ್ಣಿಡಲು ಅಲ್ಲಿ ಕೂರಿಸಿದ ಎಂದು ನಾನು ತಿಳಿದೆ. ಅದಕ್ಕೂ ನಾಚಿದೆ.

ಬಂದವರು ಇಣುಕಿ ನೋಡಿ, ‘ಇವ್ರ ಏನ್ರಿ ಆ ಗಂಜಿಯವ್ರು?’ ಎನ್ನುತ್ತಿದ್ದರು.

‘ಹೌದ್ರಿ, ನಾನ ಗಂಜಿಯಾಕಿ,’ ಎನ್ನುತ್ತಿದ್ದಳು ಅತ್ತೆ, ತಲೆ ಎತ್ತದೆ. ‘ಈಗ ಹಚ್ಚಂಗಿಲ್ಲ. ಅಂಜಬ್ಯಾಡ್ರಿ, ಒಯ್ಯರಿ.’

ನನ್ನ ಕಿವಿ ಪ್ರತಿ ಸಲವೂ ಬಿಸಿಯಾಗುತ್ತಿತ್ತು. ಸುತ್ತು ಚೆನ್ನಾಗಿದ್ದಾಗ ‘ಸುತ್ತತೀವಿ’, ಕೆಟ್ಟಾಗ ‘ಆಕೀದು’. ಈ ಎರಡು ಮಾತುಗಳ ಮೇಲೆ ನಮ್ಮ ಅಂಗಡಿಯ ಹೆಸರು ನಿಂತಿತ್ತು, ನಾನು ಅದರ ಅನ್ನ ಉಣ್ಣುತ್ತಿದ್ದೆ. ಒಮ್ಮೆ ತಡೆಯಲಾರದೆ ಅಪ್ಪನನ್ನು ಕೇಳಿದೆ, ಖಾನಾಪುರದಲ್ಲಿ ಹಾಗೆ ಹೇಳಬಾರದಿತ್ತು ಎಂದೆ.

‘ನಾ ಹೇಳಿದ್ದು ಸುಳ್ಳೇನು?’

‘ಸುಳ್ಳಲ್ಲ. ಚಲೋ ಸುತ್ತಿದ್ದಾಗ ಆಕೀ ಹೆಸರ ಯಾಕ ಹೇಳಿದ್ದಿಲ್ಲ ಮತ್ತ?’

ಅಪ್ಪ ಒಂದು ಸ್ಕ್ರೂ ಬಿಗಿಯುತ್ತಿದ್ದ. ಬಿಗಿದ ಮೇಲೂ ತಿರುವುತ್ತಿದ್ದ. ‘ಆಗ ಹೇಳಬೇಕಿತ್ತು,’ ಎಂದ. ಅಷ್ಟೇ. ಖಾನಾಪುರದ ಬಗ್ಗೆ ಮತ್ತೆ ಅವನ ಬಾಯಿಂದ ಮಾತು ಬರಲಿಲ್ಲ. ಎಂಬತ್ತರ ದಶಕ ಅರ್ಧ ಕಳೆಯುವ ಮೊದಲೇ ಅವನು ತೀರಿಕೊಂಡ.

ನಾನು ಮದುವೆಯಾಗಿ ನೆಹರು ನಗರದ ಕಡೆ ಮನೆ ಮಾಡಿದ್ದರೂ ಅಂಗಡಿ ನಡೆಸುತ್ತ ಬಂದೆ. ಟಿವಿ ಬಂದಿತ್ತು, ಎಲಿಮಿನೇಟರ್ ಹೋಗಿ ಸ್ಟೆಬಿಲೈಸರ್ ಮಾಡುತ್ತಿದ್ದೆವು. ಹಳೆಯ ಭಾಗ ವಾಪಸು ಕೊಡುವುದು, ಬೇರೆಯವರ ಕೆಲಸಕ್ಕೆ ಹೆಸರಿಡದಿರುವುದು, ಎಲ್ಲ ಅಪ್ಪನಂತೆಯೇ. ಹಸಿರು ಬೊಟ್ಟೂ ಅದೇ. ಒಂದನ್ನು ಮಾತ್ರ ನಾನು ಸೇರಿಸಿದೆ. ನಮ್ಮಲ್ಲಿ ಯಾರಿಂದ ಏನು ತಪ್ಪಾದರೂ ಗಿರಾಕಿಗೆ ‘ನಮ್ಮದು ತಪ್ಪು’ ಎಂದೇ ಹೇಳಬೇಕು, ಕೈ ಯಾರದೆಂದು ಹೇಳಕೂಡದು. ಅಪ್ಪನ ತಪ್ಪನ್ನು ತಿದ್ದಿದ್ದೇನೆ ಎಂದು ಒಳಗೊಳಗೇ ಹೆಮ್ಮೆಯಿತ್ತು.

ಅತ್ತೆಗೆ ಕಣ್ಣು ಮಂದವಾದ ಮೇಲೆ ಓಣಿಯ ಇಬ್ಬರು ಹೆಂಗಸರು ಸುತ್ತುವ ಕೆಲಸಕ್ಕೆ ಬರುತ್ತಿದ್ದರು. ಒಂದು ಸಲ ಒಬ್ಬರ ಮನೆಯ ಸ್ಟೆಬಿಲೈಸರ್ ಗುಂಯ್ ಎನ್ನುತ್ತ ವಾಪಸು ಬಂತು. ಆ ಇಬ್ಬರಲ್ಲಿ ಒಬ್ಬಳು, ಪವರ್‌ಲೂಮಿನ ಕೆಲಸ ಬಿಟ್ಟು ಬಂದವಳು, ಅದನ್ನು ಸುತ್ತಿದ್ದಳು. ಗಿರಾಕಿ ಕೂಗಾಡಿದ. ನಾನು ರೂಢಿಯಂತೆ, ‘ನಮ್ಮದು ತಪ್ಪು ಆಗೇತ್ರಿ, ನಾಳೆ ಕೊಡತೀವಿ’ ಎಂದೆ. ಅವನು ಹೋದ ಮೇಲೆ ಆ ಹೆಂಗಸು ನನ್ನ ಕಡೆ ತಿರುಗಿದಳು.

‘ಬಾಯಾರ, ಅದನ್ನ ಸುತ್ತಿದಾಕಿ ನಾನು. ನೀವ್ಯಾಕ ಮಾಫಿ ಕೇಳಿದ್ರಿ?’

‘ನಿನ್ನ ಹೆಸರ ಯಾಕ ಹೇಳೂದು ಅಂತ ಬಿಟ್ಟೆ.’

‘ಹೆಸರ ಹೇಳದಂಗ ಇರಾಕ ನಾ ಏನ ಕಳವು ಮಾಡೀನೇನ್ರಿ?’ ಎಂದಳು. ‘ನನಗ ಬೈದಿದ್ರ ನಾ ಉತ್ತರ ಕೊಡತಿದ್ದೆ. ಮುಂದಿನ ಸಲ ಚಲೋ ಸುತ್ತಿದ್ರ ಅಂವಾ ನನ್ನ ಕಡೇನ ನೋಡತಿದ್ದ. ಈಗ ನಾ ಇಲ್ಲಿ ಇದ್ದೇನೋ ಇಲ್ಲೋ ಅಂವಗ ಗೊತ್ತಿಲ್ಲ.’

ಬಾಗಿಲ ಬದಿಯ ಕುರ್ಚಿಯಲ್ಲಿ ಅತ್ತೆ ಕೂತಿದ್ದಳು. ಅವಳು ನಕ್ಕಳೆಂದು ನನಗೆ ಅನಿಸಿತು. ಕೆಮ್ಮಿದ್ದೂ ಇರಬಹುದು.

ಆ ದಿನ ಮನೆಗೆ ಹೋದ ಮೇಲೆ ನಾನು ಖಾನಾಪುರದ ಆ ಮಧ್ಯಾಹ್ನವನ್ನು ಮತ್ತೆ ಮೊದಲಿನಿಂದ ನೋಡಿದೆ. ‘ಹಂಗಾರ ಇದು ನನ್ನ ಕೈದು’ ಎಂದದ್ದನ್ನು ನಾನು ಸೋತವಳ ಮಾತೆಂದು ಕೇಳಿಸಿಕೊಂಡಿದ್ದೆ. ಬಸ್ಸಿನಲ್ಲಿ ಅವಳು ಎರಡು ಸಲ ಹೇಳಿದ್ದು, ಅಪ್ಪ ಮೊದಲು ಒಲ್ಲೆ ಎಂದದ್ದು. ಹೋಟೆಲಿನಲ್ಲಿ ಮಾಸ್ತರು ಕೇಳಿದಾಗ ಅಪ್ಪ ಸುಮ್ಮನೆ ನಿಂತದ್ದು. ತಾನು ಟ್ರಂಕು ಹಿಡಿದು ಬಿಟ್ಟುಬಂದ ಊರಿನ ನಡುವೆ, ಮೈದುನನ ಅಂಗಡಿಯ ಎದುರು, ಅವಳು ಚೀಲದ ಬಾಯಿ ತೆರೆದು ‘ಹಾಕ್ರಿ’ ಎಂದದ್ದು. ಆ ಪೆಟ್ಟಿಗೆಗಳು ತನ್ನ ಕೆಲಸವೆಂದು ಆ ಊರಿಗೆ ಗೊತ್ತಾಗಲು ಅವಳಿಗೆ ಬೇರೆ ದಾರಿ ಇರಲಿಲ್ಲವಲ್ಲ. ರಾಟಿಯನ್ನು ಬಾಗಿಲಿಗೆ ತಂದವಳೂ ಅವಳೇ ಆಗಿದ್ದರೆ? ಹಾಗಿದ್ದರೆ ಇಷ್ಟು ವರ್ಷ ನಾನು ಯಾರ ಪರವಾಗಿ ನಾಚುತ್ತಿದ್ದೆ? ಅವಳ ಹೆಸರನ್ನು ಮತ್ತೆ ಒಳಮನೆಗೆ ಕಳಿಸಿದ್ದು ನನ್ನ ನೇಮವೇ?

ಇದನ್ನೂ ನಾನು ನನಗೆ ಹಗುರವಾಗಲೆಂದು ಕಟ್ಟಿಕೊಂಡಿರಬಹುದು. ಅಣ್ಣನ ಮನೆಯ ಅನ್ನ ಉಣ್ಣುವವಳು ಅಣ್ಣ ನಾಲ್ಕು ಜನರೆದುರು ತಪ್ಪು ಹೊರಿಸಿದರೆ ಚೀಲ ಹಿಡಿಯದೆ ಇನ್ನೇನು ಮಾಡಿಯಾಳು? ಎರಡೂ ಅಷ್ಟೇ ನಿಜವಾಗಿ ಕಾಣುತ್ತವೆ. ಅಪ್ಪ ಇಲ್ಲ. ಆ ಬಸ್ಸಿನ ಸೀಟಿನಲ್ಲಿದ್ದವರಲ್ಲಿ ಉಳಿದವಳು ಅವಳೊಬ್ಬಳೇ.

ಅದೇ ವಾರ ಮಧ್ಯಾಹ್ನ ಶಹಾಪುರದ ಮನೆಗೆ ಹೋದೆ. ಅತ್ತೆ ಪಡಸಾಲೆಯಲ್ಲಿ ಹಳೆಯ ಸೀರೆಗಳನ್ನು ಹಾಸಿ ಕೌದಿ ಹೊಲಿಯುತ್ತಿದ್ದಳು. ‘ಬಾ ಯವ್ವಾ, ಈ ಸೂಜಿಗೆ ದಾರ ಪೋಣಿಸಿ ಕೊಡು, ಕಣ್ಣ ಕಾಣವಲ್ಲವು’ ಎಂದಳು. ಪೋಣಿಸಿ ಕೊಟ್ಟೆ. ಅವಳು ಬೆರಳಿನಿಂದ ಬಟ್ಟೆಯ ಅಂಚು ಸವರಿ ಹುಡುಕಿ ಹೊಲಿಗೆ ಹಾಕತೊಡಗಿದಳು. ಸಾಲು ಈಗಲೂ ನೇರ ಬರುತ್ತಿತ್ತು. ನಾನು ಕೇಳಿದೆ. ಅವಳ ಸೂಜಿ ಸ್ವಲ್ಪ ಹೊತ್ತು ಬಟ್ಟೆಯೊಳಗೆ ನಿಂತಿತು, ಮತ್ತೆ ಹೊರಗೆ ಬಂತು. ದಾರ ಮುಗಿದಾಗ ಇನ್ನೊಂದು ಸೂಜಿ ಮುಂದೆ ಹಿಡಿದಳು, ನಾನು ಪೋಣಿಸಿದೆ. ಆ ಕೌದಿ ಮುಗಿದು ಇನ್ನೊಂದು ಶುರುವಾಗಿದೆ. ನಾನು ವಾರಕ್ಕೊಮ್ಮೆ ಹೋಗುತ್ತೇನೆ, ಸೂಜಿಗೆ ದಾರ ಪೋಣಿಸುತ್ತೇನೆ, ಮತ್ತೆ ಕೇಳಿಲ್ಲ. ಆ ದಿನ ಕೇಳಿದ್ದು ಇಷ್ಟೇ.

‘ಅತ್ತೀ, ಖಾನಾಪುರದ ಬಸ್ಸಿನ್ಯಾಗ ಅಪ್ಪಾಗ ನೀನ ಹೇಳಿದ್ದೇನ, ಸುತ್ತಿದಾಕಿ ನಾನು ಅಂತ ಎಲ್ಲಾರ ಮುಂದ ಹೇಳು ಅಂತ?’